ಮರದ ಅರಮನೆ ಮತ್ತು ಅದನ್ನು ಹೊಗಳುವವರು

ವಾಸ್ತುಶಿಲ್ಪದ ಪುಸ್ತಕಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ, ಗೋಡೆಗೆ ನೇತುಹಾಕುವ ಕ್ಯಾಲೆಂಡರುಗಳಲ್ಲಿ ಒಂದು ಮನೆಯ ಚಿತ್ರ ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ಹಂಬೋಲ್ಟ್ ಕೊಲ್ಲಿಯ ದಡದ ಯುರೇಕಾ ಎಂಬ ಊರಿನಲ್ಲಿ, ಎರಡನೇ ಬೀದಿ ಮುಗಿಯುವ ಕಡೆ ನಿಂತಿರುವ ಮರದ ಮನೆ ಅದು. ಕಟ್ಟಿಸಿದವನು ವಿಲಿಯಂ ಕಾರ್ಸನ್ ಎಂಬ ಮರದ ಧಣಿ. ಕಟ್ಟಿದ ಕಾಲ 1884ರಿಂದ 1886. ನಕ್ಷೆ ಬರೆದವರು ಸಾನ್ ಫ್ರಾನ್ಸಿಸ್ಕೋದ ಸ್ಯಾಮ್ಯುಯೆಲ್ ನ್ಯೂಸಮ್ ಮತ್ತು ಜೋಸೆಫ್ ಕ್ಯಾಥರ್ ನ್ಯೂಸಮ್ ಎಂಬ ಅಣ್ಣತಮ್ಮಂದಿರು. ಇಷ್ಟು ವಿವರ ಎಲ್ಲ ಪುಸ್ತಕಗಳಲ್ಲೂ ಇರುತ್ತೆ. ಆಮೇಲೆ ಹೊಗಳಿಕೆ ಶುರುವಾಗುತ್ತೆ. ಹೊಗಳಿಕೆ ಮುಗಿದ ಮೇಲೆ ಪುಟ ತಿರುಗುತ್ತೆ, ಇನ್ನೊಂದು ಮನೆ.

ಈ ಮನೆ ಚೆಂದ ಹೌದೋ ಅಲ್ಲವೋ ಎಂದು ಜಗಳ ತೆಗೆಯುವ ಉದ್ದೇಶ ನಮಗಿಲ್ಲ. ಚೆಂದ ಇದೆ. ಕಣ್ಣಿದ್ದೋರು ಯಾರೂ ಇಲ್ಲ ಅನ್ನಲಾರರು. ನಾವು ಕೇಳುವುದು ಈ ಚೆಂದ ಯಾರ ಕೈಯಿಂದ ಬಂತು, ಹೊಗಳುವವರು ಅದನ್ನು ಯಾರ ಲೆಕ್ಕಕ್ಕೆ ಬರೀತಿದ್ದಾರೆ ಅನ್ನೋದನ್ನ. ಗುಡಿಯ ಕಲ್ಲು ಹೊತ್ತವನನ್ನು ಗುಡಿಯ ಹೊಸ್ತಿಲು ದಾಟಲು ಬಿಡದ ನಾಡಿನಲ್ಲಿ ಹುಟ್ಟಿದ ನಮಗೆ ಈ ಪ್ರಶ್ನೆ ಕೇಳುವ ಹಕ್ಕು ತಾನಾಗಿಯೇ ಬಂದಿದೆ. ಅದು ಏಳು ಸಮುದ್ರದಾಚೆಯ ಮನೆಯಾದರೇನು?

ಮೊದಲು ಹೆಸರಿನ ವಿಚಾರ. ಇಂಥ ಮನೆಗಳನ್ನು ವಿಕ್ಟೋರಿಯನ್ ಅಂತಾರೆ. 1837ರಿಂದ 1901ರವರೆಗೆ ಇಂಗ್ಲೆಂಡಿನ ಸಿಂಹಾಸನದಲ್ಲಿ ಕೂತಿದ್ದ ರಾಣಿಯ ಹೆಸರು. ಬೆಂಗಳೂರಿನಲ್ಲಿ ಆಕೆಯ ಹೆಸರಿನ ಆಸ್ಪತ್ರೆ ಇದೆ, ಕಬ್ಬನ್ ಪಾರ್ಕಿನಲ್ಲಿ 1906ರಲ್ಲಿ ನಿಲ್ಲಿಸಿದ ಕಲ್ಲಿನ ಪ್ರತಿಮೆ ಇದೆ. ನಮ್ಮನ್ನು ಆಳಿದವಳು, ಹೆಸರು ಬಿಟ್ಟುಹೋದಳು, ಸರಿ. ಆದರೆ ಬ್ರಿಟಿಷ್ ರಾಜನನ್ನು ಹೊಡೆದೋಡಿಸಿ ನೂರು ವರ್ಷ ಕಳೆದಿದ್ದ ಅಮೆರಿಕದ ದುಡ್ಡುಳ್ಳವರು ಮನೆ ಕಟ್ಟುವಾಗ ಕಣ್ಣು ನೆಟ್ಟಿದ್ದು ಅದೇ ಇಂಗ್ಲೆಂಡಿನ ಕಡೆಗೆ. ಕಾರ್ಸನ್ ಮನೆಯನ್ನು ಇನ್ನೂ ಬಿಡಿಸಿ ಹೇಳುವವರು 'ಕ್ವೀನ್ ಆನ್ ಶೈಲಿ' ಎನ್ನುತ್ತಾರೆ. ಆ ಆನ್ ರಾಣಿ ಸತ್ತಿದ್ದು 1714ರಲ್ಲಿ! ಅವಳ ಕಾಲದ ಮನೆಗಳಿಗೂ ಈ ಗೋಪುರದ ಮನೆಗೂ ಸಂಬಂಧ ಬಹಳ ದೂರದ್ದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ರಿಚರ್ಡ್ ನಾರ್ಮನ್ ಶಾ ಮುಂತಾದವರು ಹಳೆಯ ಹಳ್ಳಿಮನೆಗಳ ಅಂಶಗಳನ್ನು ಕಲೆಸಿ ಕಟ್ಟತೊಡಗಿದಾಗ ಅಂಟಿದ ಹೆಸರು ಅದು. ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಅಲ್ಲಿಯ ಮರವನ್ನು ಮೈಗೂಡಿಸಿಕೊಂಡು, ಬೇರೆಯೇ ಆಯಿತು.

ಇದರ ಜೊತೆಗೆ 'ಈಸ್ಟ್‌ಲೇಕ್' ಎಂಬ ಮತ್ತೊಂದು ಹೆಸರನ್ನೂ ಈ ಮನೆಗೆ ಅಂಟಿಸುತ್ತಾರೆ. ಇದೊಂದು ತಮಾಷೆಯ ಕತೆ, ಹೇಳಲೇಬೇಕು. ಚಾರ್ಲ್ಸ್ ಈಸ್ಟ್‌ಲೇಕ್ ಎಂಬ ಇಂಗ್ಲಿಷ್ ಬರಹಗಾರ 1868ರಲ್ಲಿ ಮನೆಯ ಸಾಮಾನು ಸರಂಜಾಮು ಹೇಗಿರಬೇಕು ಎಂದು ಒಂದು ಪುಸ್ತಕ ಬರೆದ. ಅತಿ ಬೇಡ, ಸುಳ್ಳು ಶೃಂಗಾರ ಬೇಡ, ಮರ ಮರದ ಹಾಗೆ ಕಾಣಲಿ, ಮಾಡಿದ ಕೈಯ ಪ್ರಾಮಾಣಿಕತೆ ಕಾಣಲಿ ಎಂಬುದು ಅವನ ವಾದ. ಕ್ಯಾಲಿಫೋರ್ನಿಯಾದ ಗುತ್ತಿಗೆದಾರರು ಅವನ ಪುಸ್ತಕದ ಚಿತ್ರಗಳಲ್ಲಿದ್ದ ಕಡೆದ ಕಡ್ಡಿ, ಕೊರೆದ ಗೆರೆ ಇವಿಷ್ಟನ್ನೇ ಎತ್ತಿಕೊಂಡು ಮನೆಯ ಮೈತುಂಬ ಬಡಿದರು. ಹೆಸರು ಮಾತ್ರ ಅವನದೇ ಇಟ್ಟರು. ಇದು ನನ್ನದಲ್ಲ ಎಂದು ಆ ಮನುಷ್ಯ ಬಹಿರಂಗವಾಗಿ ಹೇಳಬೇಕಾಯಿತು. ಸರಳತೆಯನ್ನು ಬೋಧಿಸಿದವನ ಹೆಸರಿನಲ್ಲಿ ಆಡಂಬರದ ಅಂಗಡಿ ಇಡುವುದು ನಮಗೇನೂ ಹೊಸದಲ್ಲ ಬಿಡಿ.

ಈಗ ಮನೆಯನ್ನೇ ನೋಡೋಣ. ಮೂರು ಅಂತಸ್ತು, ಅದರ ಮೇಲೆ ಚೂಪು ಮಾಡಿನ ಗೋಪುರ. ಒಂದು ಗೋಡೆಯೂ ನೇರಕ್ಕೆ ಹೋಗಿ ಸುಮ್ಮನೆ ನಿಲ್ಲುವುದಿಲ್ಲ. ಒಂದು ಕಡೆ ಮುಂದಕ್ಕೆ ಚಾಚುತ್ತದೆ, ಇನ್ನೊಂದು ಕಡೆ ಹಿಂದಕ್ಕೆ ಸರಿಯುತ್ತದೆ, ಮೂಲೆಯಲ್ಲಿ ಮತ್ತೊಂದು ಮಾಡು ಏಳುತ್ತದೆ. ಮುಂಭಾಗದಲ್ಲಿ ದಪ್ಪ ದಪ್ಪ ಕಡೆದ ಕಂಬಗಳ ಜಗಲಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಸಾಲು ಸಾಲು ಕಡ್ಡಿಗಳ ಜಾಲರಿ. ಮಾಡಿನ ತ್ರಿಕೋನದ ಮುಖಗಳ ಮೇಲೆ ಕೆತ್ತನೆ, ಅಂಚಿಗೆ ಅಂಚು, ಅದಕ್ಕೊಂದು ತುದಿಗುಬ್ಬಿ. ಕಣ್ಣು ಎಲ್ಲಿಟ್ಟರೂ ಅಲ್ಲೊಂದು ಕೆಲಸ ಇದೆ. ಬಿಡುವೇ ಇಲ್ಲ. ಇಟ್ಟಿಗೆಯಲ್ಲಿ, ಕಲ್ಲಿನಲ್ಲಿ ಈ ಥರ ಮಾಡಲು ಹೋದರೆ ರಾಜನ ಬೊಕ್ಕಸವೂ ಸಾಲದು. ಮರದಲ್ಲಿ ಆಗುತ್ತೆ. ಅದರಲ್ಲೂ ರೆಡ್‌ವುಡ್ಡಿನಲ್ಲಿ ಆಗುತ್ತೆ.

ಯಾಕೆಂದರೆ ರೆಡ್‌ವುಡ್ ಉಳಿಗೆ ಒಗ್ಗುವ ಮರ. ಮೆತ್ತಗಿದೆ, ನಾರು ನೇರ, ಗಂಟು ಕಮ್ಮಿ. ಮರದೊಳಗಿನ ಒಗರಿನಿಂದಾಗಿ ಬೇಗ ಕೊಳೆಯುವುದಿಲ್ಲ, ಹುಳು ಸುಲಭಕ್ಕೆ ಮುಟ್ಟುವುದಿಲ್ಲ. ಸಮುದ್ರದ ಮಂಜು, ಉಪ್ಪುಗಾಳಿ ತಿಂದೂ ನೂರು ವರ್ಷದ ಮೇಲೆ ನಿಂತಿರುತ್ತೆ. ನೋಡಿ, ಇದು ಧಣಿಯ ಅಭಿರುಚಿಯಿಂದ ಬಂದ ಗುಣವಲ್ಲ, ಮರದ ಗುಣ. ಎರಡನೆಯದು ಯಂತ್ರದ ವಿಚಾರ. ಈ ಕಾಲದ ಮನೆಗಳ ಅಲಂಕಾರವೆಲ್ಲ ಪೂರಾ ಕೈಕೆಲಸ ಎಂದು ತಿಳಿದವರುಂಟು. ಅದು ತಪ್ಪು. ಆವಿಯಿಂದ ತಿರುಗುವ ಲೇತು, ಬಳ್ಳಿಯಂಥ ಸುತ್ತುಗಳನ್ನು ಕತ್ತರಿಸುವ ಸಣ್ಣ ಗರಗಸ, ಅಂಚುಪಟ್ಟಿಗಳನ್ನು ಮೊಳಗಟ್ಟಲೆ ಉಗುಳುವ ಯಂತ್ರ ಇವೆಲ್ಲ ಆ ಹೊತ್ತಿಗೆ ಬಂದಿದ್ದವು. ನ್ಯೂಸಮ್ ಸೋದರರೇ 1884ರಲ್ಲಿ ಕ್ಯಾಲಿಫೋರ್ನಿಯಾದ ಮನೆಗಳ ನಕ್ಷೆಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದ್ದರು. ಅದನ್ನು ನೋಡಿ ಯಾರು ಬೇಕಾದರೂ ಮನೆ ಕಟ್ಟಿಸಿಕೊಳ್ಳಬಹುದಿತ್ತು. ಹತ್ತು ಬಡಗಿಗಳು ತಿಂಗಳುಗಟ್ಟಲೆ ಕಡೆಯಬೇಕಾದ ಕಡ್ಡಿಗಳನ್ನು ಯಂತ್ರ ವಾರದಲ್ಲಿ ಗುಡ್ಡೆ ಹಾಕುತ್ತಿತ್ತು. ಆದ್ದರಿಂದಲೇ ಮಧ್ಯಮವರ್ಗದವನ ಮನೆಗೂ ಒಂದೆರಡು ಕಡ್ಡಿ ಜಾಲರಿ ಬಂತು.

ಹಾಗಂತ ಕಾರ್ಸನ್ ಮನೆಯನ್ನು ಯಂತ್ರದ ಮನೆ ಎಂದು ತಳ್ಳಿಹಾಕುವುದೂ ಸಲ್ಲ. ಯಂತ್ರ ತುಂಡುಗಳನ್ನು ಕೊಡುತ್ತೆ. ಸಾವಿರಾರು ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ಸಂದಿಯಲ್ಲಿ ನೀರಿಳಿಯದ ಹಾಗೆ ಕೂರಿಸಿ, ಗೋಪುರದ ಮೂಲೆ ಮೂಲೆಗೂ ಅಳತೆ ತಪ್ಪದ ಹಾಗೆ ಮುಟ್ಟಿಸುವುದು ಬಡಗಿಯ ಕಣ್ಣು, ಬಡಗಿಯ ಕೈ. ಒಳಗಿನ ಕೆಲಸಕ್ಕಂತೂ ಮಧ್ಯ ಅಮೆರಿಕದಿಂದ ಪ್ರಿಮವೇರಾ ಎಂಬ ಬಿಳಿ ಮಹಾಗನಿ ಜಾತಿಯ ಮರವನ್ನು ಸುಮಾರು 97,000 ಅಡಿ ತರಿಸಿದರಂತೆ. ಬಣ್ಣದ ಗಾಜು, ಓನಿಕ್ಸ್ ಕಲ್ಲು ಬೇರೆ. ಹೊರಗೆ ತನ್ನ ಕಾಡಿನ ಮರ, ಒಳಗೆ ಪರದೇಶದ ಮರ. ಬೆಲೆಯ ಮರವನ್ನು ಹಾಳು ಮಾಡದೆ ಕೆತ್ತುವ ಕೈಗಳು ಆ ಊರಲ್ಲಿ ಇದ್ದವು. ಒಟ್ಟು ನೂರಕ್ಕೂ ಹೆಚ್ಚು ಜನ ದುಡಿದರು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನೂರು ಎಂಬ ಸಂಖ್ಯೆ ಇದೆ. ಕಟ್ಟಿಸಿದವನ ಹೆಸರು, ನಕ್ಷೆ ಬರೆದವರ ಹೆಸರು ಮೊದಲ ಸಾಲಿನಲ್ಲೇ ಇವೆ. ಕಟ್ಟಿದೋರ ಹೆಸರು? ನೂರು!

ವಿಮರ್ಶೆ ಎಂಬ ಹೆಸರಿನಲ್ಲಿ ನಡೆಯುವ ವಂಚನೆ ಇಲ್ಲಿಂದಲೇ ಶುರುವಾಗುತ್ತದೆ ಎಂಬುದು ನಮ್ಮ ಮಾತು. ಕೆಲಸವನ್ನು ಹೊಗಳುತ್ತಾ ಹೊಗಳುತ್ತಾ ಅದರ ಕೀರ್ತಿಯನ್ನು ಮಾತ್ರ ಮೆಲ್ಲಗೆ ಧಣಿಯ ಜೇಬಿಗೆ ಜಾರಿಸುತ್ತಾರೆ. ಕಾರ್ಸನ್ನನ ಅಭಿರುಚಿ, ಕಾರ್ಸನ್ನನ ಕನಸು, ಕಾರ್ಸನ್ನನ ದೂರದೃಷ್ಟಿ ಅಂತಾರೆ. ಅವನ ಕೈಯಲ್ಲಿ ಉಳಿ ಇತ್ತೇ?

ಇನ್ನು ಆ ಮನೆಯ ಬಗ್ಗೆ ತಪ್ಪದೆ ಹೇಳುವ ಒಂದು ಕತೆ ಇದೆ. ಆ ವರ್ಷಗಳಲ್ಲಿ ಮರದ ವ್ಯಾಪಾರ ಬಿದ್ದುಹೋಗಿತ್ತು, ಸಾಮಿಲ್ಲಿನಲ್ಲಿ ಕೆಲಸ ಇರಲಿಲ್ಲ, ತನ್ನ ಆಳುಗಳು ಉಪವಾಸ ಬೀಳಬಾರದು ಎಂದು ಕಾರ್ಸನ್ ಈ ಮನೆ ಕಟ್ಟಿಸಿದ ಎಂಬುದು ಆ ಕತೆ. ಕೇಳುವುದಕ್ಕೆ ಹಿತವಾಗಿದೆ. ಈ ಕತೆ ನಮಗೆ ಮೊದಲೇ ಗೊತ್ತು. ಲಕ್ನೋದಲ್ಲಿ 1784ರಲ್ಲಿ ಬಡಾ ಇಮಾಂಬಾಡ ಕಟ್ಟಿಸಿದ ನವಾಬನ ಬಗ್ಗೆ ಇದೇ ಕತೆ. ಜೋಧಪುರದಲ್ಲಿ 1929ರಿಂದ 1943ರವರೆಗೆ ಉಮೈದ್ ಭವನ ಕಟ್ಟಿಸಿದ ಮಹಾರಾಜನ ಬಗ್ಗೆಯೂ ಇದೇ ಕತೆ. ಬರ ಬಂತು, ದೊರೆ ಮರುಗಿದ, ಅರಮನೆ ಎದ್ದಿತು. ಬರ ಬಂದಾಗೆಲ್ಲ ಏಳುವುದು ದೊರೆಯ ಮನೆಯೇ ಯಾಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕತೆ ನಿಜವೇ ಎಂದಿಟ್ಟುಕೊಳ್ಳೋಣ. ಆ ನೂರು ಜನರ ಮನೆಗಳಲ್ಲಿ ಒಲೆ ಉರಿಯಿತು, ಅದನ್ನು ನಾವು ಲಘುವಾಗಿ ಕಾಣುವುದಿಲ್ಲ. ಹಸಿದವನಿಗೆ ಕೂಲಿ ಕೂಲಿಯೇ. ಆದರೆ ದುಡಿಸಿಕೊಂಡು ಕೊಟ್ಟ ಕೂಲಿಯನ್ನು ದಾನ ಎಂದು ಕರೆಯುವುದು ಯಾವ ನ್ಯಾಯ? ಅವರು ಸುಮ್ಮನೆ ಕೂತು ಉಣ್ಣಲಿಲ್ಲ. ಒಬ್ಬ ಬಡಗಿ ಕೊಟ್ಟ ಎರಡು ವರ್ಷದ ಕೆಲಸಕ್ಕೆ ಅವನ ಕೈಗೆ ಬಂದದ್ದು ದಿನಗೂಲಿ. ಧಣಿಯ ವಂಶಕ್ಕೆ ಬಂದದ್ದು ಮೂರು ತಲೆಮಾರು ಬಾಳಿದ ಮನೆ, ಜೊತೆಗೆ ಉದಾರಿ ಎಂಬ ಬಿರುದು. ಆ ಲಾಭದಲ್ಲಿ ಕೂಲಿಗಾರನ ಮಗನಿಗೆ ಪಾಲಿಲ್ಲ. ನಮ್ಮ ಕಡೆ ಬರಗಾಲದಲ್ಲಿ ಕೆರೆ ತೋಡಿಸಿದ ಧಣಿಗಳುಂಟು. ಆ ನೀರೂ ಕೇರಿಗೆ ಇಳಿಯದೆ ಮೇಲಿನವರ ಗದ್ದೆಗೇ ಹರಿದದ್ದು ಬೇರೆ ಮಾತು. ಅಂದರೂ ಕೆರೆ ಕೆರೆಯೇ. ಇಲ್ಲಿ ಅದೂ ಇಲ್ಲ. ಎದ್ದದ್ದು ಒಂದು ಸಂಸಾರದ ಮನೆ. ಹೋಗಲಿ ಅಂದರೆ, 1889ರಲ್ಲಿ ಮಗನ ಮದುವೆಗೆ ಉಡುಗೊರೆಯೆಂದು ಎದುರಿಗೇ ಇನ್ನೊಂದು ಮನೆ ಕಟ್ಟಿಸಿದ. ಅದನ್ನೂ ನ್ಯೂಸಮ್ ಸೋದರರಿಂದಲೇ. ಪಿಂಕ್ ಲೇಡಿ ಎಂದು ಅದಕ್ಕೆ ಹೆಸರಿದೆ.

ಮನೆಯ ಅಡಿಪಾಯ ಇರುವುದು ಕಾಡಿನಲ್ಲಿ. ಕಾರ್ಸನ್ ಕೆನಡಾದ ನ್ಯೂ ಬ್ರನ್ಸ್‌ವಿಕ್ ಕಡೆಯವನು. ಚಿನ್ನ ಹುಡುಕಿಕೊಂಡು ಬಂದವನು ಮರದಲ್ಲಿ ಚಿನ್ನ ಕಂಡ. 1860ರ ದಶಕದಲ್ಲಿ ಜಾನ್ ಡಾಲ್ಬಿಯರ್ ಎಂಬುವನ ಜೊತೆ ಸೇರಿ ಕಂಪನಿ ಕಟ್ಟಿದ. ಅವರ ಬೇ ಮಿಲ್ ಇದ್ದದ್ದು ಕೊಲ್ಲಿಯ ದಡದಲ್ಲಿ. ಆಮೇಲೆ ಎದ್ದ ಮನೆ ಅದರ ಮೇಲೆ ಕಣ್ಣಿಡುವ ಹಾಗೆ ದಿಬ್ಬದ ಮೇಲೆ ನಿಂತಿತು. ಗೋಪುರ ಇದ್ದದ್ದು ಚಂದಿರನ ನೋಡೋಕಷ್ಟೇ ಅಲ್ಲ.

ಮುನ್ನೂರು ಅಡಿ ಮೀರಿ ಬೆಳೆಯುವ ಮರಗಳು ಅವು. ಸಾವಿರ, ಒಂದೂವರೆ ಸಾವಿರ ವರ್ಷದ ಮರಗಳು. ಬುಡ ತೀರ ಊದಿಕೊಂಡಿರುತ್ತದೆ ಎಂದು ಆಳುಗಳು ಆಳೆತ್ತರದಲ್ಲಿ ಮರಕ್ಕೆ ಕಚ್ಚು ಹಾಕಿ, ಅದರಲ್ಲಿ ಹಲಗೆ ಸಿಕ್ಕಿಸಿ, ಆ ಹಲಗೆಯ ಮೇಲೆ ನಿಂತು ಕೊಡಲಿ ಬೀಸುತ್ತಿದ್ದರು. ಒಂದೊಂದು ಮರಕ್ಕೆ ದಿನಗಟ್ಟಲೆ. ಬಿದ್ದ ರಭಸಕ್ಕೆ ಮರ ಸೀಳಿ ಚೂರಾಗಿ ಧಣಿಗೆ ನಷ್ಟ ಆಗಬಾರದು ಎಂದು, ಬೀಳುವ ಜಾಗದಲ್ಲಿ ಮೊದಲೇ ಸೊಪ್ಪುಸದೆ ಒಟ್ಟಿ ಹಾಸಿಗೆ ಮಾಡುತ್ತಿದ್ದರು. ಮರಕ್ಕೆ ಹಾಸಿಗೆ! ಕಡಿದವನು ಮಲಗುತ್ತಿದ್ದುದು ಕಾಡಿನೊಳಗಿನ ಗುಂಪು ಬಿಡಾರಗಳಲ್ಲಿ. ಆಮೇಲೆ ತೊಗಟೆ ಸುಲಿದು, ತುಂಡರಿಸಿ, ಎತ್ತುಗಳ ಸಾಲು ಹೂಡಿ, ಅಡ್ಡಹಾಸಿದ ಮರದ ದಾರಿಯ ಮೇಲೆ ದಿಮ್ಮಿಗಳನ್ನು ಎಳೆಸುವುದು. ದಾರಿಗೆ ನೀರೆರೆಯಲು ಒಬ್ಬ ಹುಡುಗ. 1882ರಲ್ಲಿ ಡಾಲ್ಬಿಯರ್ ಆವಿಯಿಂದ ಓಡುವ ಎಳೆಯಂತ್ರಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಡಾಂಕಿ ಎಂಜಿನ್ ಎಂದು ಹೆಸರಾಯಿತು, ಕತ್ತೆ ಎಂಜಿನ್ನು. ಎತ್ತುಗಳು ಮುಟ್ಟಲಾರದ ಕಮರಿಗಳಿಂದಲೂ ಅದು ದಿಮ್ಮಿ ಎಳೆಯಿತು. ಎರಡು ವರ್ಷದ ನಂತರ ಮನೆ ಶುರು. ಕರಾವಳಿಯ ಹಳೆಯ ರೆಡ್‌ವುಡ್ ಕಾಡಿನಲ್ಲಿ ಇವತ್ತು ಉಳಿದಿರುವುದು ನೂರಕ್ಕೆ ಐದು ಪಾಲಿನಷ್ಟು. ಉಳಿದ ತೊಂಬತ್ತೈದು ಪಾಲು ಎಲ್ಲಿಗೆ ಹೋಯಿತು ಎಂಬುದಕ್ಕೆ ಕಾರ್ಸನ್ ಮನೆಯೊಂದೇ ಉತ್ತರವಲ್ಲ. ಆದರೆ ಆ ವ್ಯಾಪಾರದ ಜಾಹೀರಾತು ಫಲಕದ ಹಾಗೆ ಅದು ನಿಂತಿದೆ. ರೆಡ್‌ವುಡ್ಡಿನಲ್ಲಿ ಏನೇನು ಮಾಡಬಹುದು ನೋಡಿ ಎಂದು ಗಿರಾಕಿಗೆ ತೋರಿಸುವ ಹಾಗೆ.

ಮನೆ ಏಳುತ್ತಿದ್ದ ಆ ಎರಡು ವರ್ಷಗಳ ನಡುವೆ, 1885ರ ಫೆಬ್ರವರಿ 6ರ ಸಂಜೆ, ಅದೇ ಊರಿನ ಚೀನೀಯರ ಕೇರಿಯಲ್ಲಿ ಇಬ್ಬರ ಜಗಳಕ್ಕೆ ಗುಂಡು ಹಾರಿತು. ದಾರಿಯಲ್ಲಿದ್ದ ನಗರಸಭೆಯ ಸದಸ್ಯ ಡೇವಿಡ್ ಕೆಂಡಾಲ್‌ಗೆ ಗುಂಡು ತಾಕಿ ಸತ್ತ. ಊರಿನ ಬಿಳಿಯರು ಸಭೆ ಸೇರಿದರು. ಎಲ್ಲರನ್ನೂ ಕೊಂದುಬಿಡೋಣ ಎಂಬ ಮಾತು ಬಂತು. ಕೊನೆಗೆ ಒಂದು ದಿನದೊಳಗೆ ಎಲ್ಲರೂ ಊರು ಬಿಡಬೇಕು ಎಂದು ತೀರ್ಮಾನ ಆಯಿತು. ಬೀದಿಯಲ್ಲಿ ನೇಣುಗಂಬ ನಿಲ್ಲಿಸಿದರು. ಮಾರನೆಯ ದಿನ ಮುನ್ನೂರರಷ್ಟು ಚೀನೀಯರನ್ನು ಗಂಟುಮೂಟೆ ಸಮೇತ ಎರಡು ಹಡಗುಗಳಿಗೆ ತುಂಬಿ ಸಾನ್ ಫ್ರಾನ್ಸಿಸ್ಕೋಗೆ ಅಟ್ಟಿದರು. ಒಬ್ಬರ ಗುಂಡಿಗೆ ಇಡೀ ಕೇರಿ ಖಾಲಿ. ಹೋದವರು ನಗರದ ಮೇಲೆ ಪರಿಹಾರ ಕೇಳಿ ದಾವೆ ಹೂಡಿದರು, ಗೆಲ್ಲಲಿಲ್ಲ. ಮುಂದೆ ದಶಕಗಳ ಕಾಲ, ನಮ್ಮ ಊರಲ್ಲಿ ಚೀನೀಯರಿಲ್ಲ ಎಂಬುದೇ ಆ ಊರಿನ ಹೆಮ್ಮೆಯ ಮಾತಾಗಿತ್ತು. ಅಮೆರಿಕದ ಸರ್ಕಾರ 1882ರಲ್ಲೇ ಚೀನೀ ಕೂಲಿಗಾರರು ದೇಶಕ್ಕೆ ಬರಕೂಡದು ಎಂದು ಕಾನೂನು ಮಾಡಿತ್ತು. ಮೇಲಿನವರು ಕಾಗದದಲ್ಲಿ ಬರೆದದ್ದನ್ನು ಊರಿನವರು ಬೀದಿಯಲ್ಲಿ ಮಾಡಿ ತೋರಿಸಿದರು.

ಒಂದು ಊರನ್ನು ಒಂದು ಜನಾಂಗದಿಂದ 'ಶುದ್ಧ' ಮಾಡಿದ ವರ್ಷ ಮತ್ತು ಆ ಊರಿನ ಅತಿ ಸುಂದರ ಮನೆ ಎದ್ದ ವರ್ಷ ಒಂದೇ. ನಾವಿಲ್ಲಿ ಕಾರ್ಸನ್ನನನ್ನು ಕಟಕಟೆಗೆ ಹತ್ತಿಸುತ್ತಿಲ್ಲ. ವ್ಯಕ್ತಿಯ ಮೇಲಿನ ಆಪಾದನೆ ನಮ್ಮ ಕೆಲಸವಲ್ಲ. ಗೋಪುರದ ಪ್ರತಿ ಕಡ್ಡಿಯ ವರ್ಣನೆಗೆ ಜಾಗ ಇರುವ ಪುಸ್ತಕದಲ್ಲಿ, ಅದೇ ವರ್ಷ ಅದೇ ಊರಿನಲ್ಲಿ ನಡೆದದ್ದಕ್ಕೆ ಅರ್ಧ ಸಾಲೂ ಇಲ್ಲದಿದ್ದರೆ, ಆ ಪುಸ್ತಕವನ್ನು ಇತಿಹಾಸ ಎನ್ನಬೇಕೇ? 'ಮನೆಯ ಇತಿಹಾಸ' ಎಂದು ತಲೆಬರಹ ಕೊಟ್ಟು ಕುಟುಂಬದ ಹುಟ್ಟು, ಮದುವೆ, ಸಾವುಗಳ ಪಟ್ಟಿ ಕೊಡುವವರನ್ನು ನಾವು ಕೇಳುತ್ತಿದ್ದೇವೆ.

ಇನ್ನೂ ಹಿಂದಕ್ಕೆ ಹೋಗಬೇಕು. ಈ ಮನೆ ಇರುವ ನೆಲ ವಿಯೋಟ್ ಜನರದು. ಮನೆಯೆದುರಿನ ಕೊಲ್ಲಿಯಲ್ಲಿ ಒಂದು ದ್ವೀಪ ಇದೆ. ಅವರ ಮಾತಿನಲ್ಲಿ ಅಲ್ಲಿಯ ಹಳ್ಳಿಯ ಹೆಸರು ತುಲುವಾಟ್. ಪ್ರತಿ ವರ್ಷ ಅಲ್ಲಿ ಸೇರಿ ಲೋಕ ಸರಿಹೋಗಲಿ ಎಂದು ಕುಣಿದು ಪ್ರಾರ್ಥಿಸುವುದು ಅವರ ಪದ್ಧತಿ. 1860ರ ಫೆಬ್ರವರಿ 26ರಂದು ಬೆಳಗಾಗುವ ಮುನ್ನ ಬಿಳಿಯರ ಗುಂಪೊಂದು ದೋಣಿಯಲ್ಲಿ ಬಂದು, ಕುಣಿದು ದಣಿದು ಮಲಗಿದ್ದವರನ್ನು ಕೊಡಲಿ, ಚಾಕು, ದೊಣ್ಣೆಗಳಿಂದ ಕೊಂದಿತು. ಬಂದೂಕಿನ ಸದ್ದು ಊರಿಗೆ ಕೇಳಿಸಬಾರದಲ್ಲ! ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅರವತ್ತು ಎನ್ನುವವರಿದ್ದಾರೆ, ಇನ್ನೂರಕ್ಕೂ ಹೆಚ್ಚು ಎನ್ನುವವರಿದ್ದಾರೆ. ಶಿಕ್ಷೆಯಾದದ್ದು ಒಬ್ಬನಿಗೂ ಇಲ್ಲ. ಪಕ್ಕದ ಊರಿನ ಪತ್ರಿಕೆಯಲ್ಲಿದ್ದ ತರುಣ ಬ್ರೆಟ್ ಹಾರ್ಟ್ ಇದನ್ನು ಖಂಡಿಸಿ ಬರೆದ. ಮುಂದೆ ದೊಡ್ಡ ಕತೆಗಾರ ಎನಿಸಿಕೊಂಡವನು ಅವನೇ. ಊರು ಬಿಡಬೇಕಾಯಿತು. ಆ ರಾಜ್ಯದಲ್ಲಿ 1850ರಲ್ಲೇ ಒಂದು ಕಾನೂನು ಬಂದಿತ್ತು. ಹೆಸರಿನಲ್ಲಿ ಇಂಡಿಯನ್ನರ 'ರಕ್ಷಣೆ' ಎಂಬ ಮಾತಿತ್ತು. ಒಳಗೆ ಅವರ ಮಕ್ಕಳನ್ನು ಬಿಳಿಯರು ಜೀತಕ್ಕೆ ಇಟ್ಟುಕೊಳ್ಳಲು ಅನುಮತಿ ಇತ್ತು. ಜೀತ ಎಂಬ ಪದವನ್ನು ನಾವು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕುಸುರಿ ಕೆಲಸದ ಬಗ್ಗೆ ಮಾತಾಡುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಯಾಕಂದ್ರೆ ರೆಡ್‌ವುಡ್ಡಿನ ಮನೆ ಕಟ್ಟುವ ವಿದ್ಯೆ ಆ ದಡಕ್ಕೆ ನ್ಯೂಸಮ್ ಸೋದರರಿಂದ ಬಂದದ್ದಲ್ಲ. ವಿಯೋಟರು, ಅವರ ಉತ್ತರದ ನೆರೆಯವರಾದ ಯುರೋಕರು ರೆಡ್‌ವುಡ್ ಹಲಗೆಯ ಮನೆಗಳಲ್ಲಿ ಬಾಳಿದವರು. ಕಬ್ಬಿಣ ಇರಲಿಲ್ಲ. ಬಿದ್ದ ಮರಕ್ಕೆ, ನೀರಿನಲ್ಲಿ ತೇಲಿಬಂದ ದಿಮ್ಮಿಗೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಕೊಂಬಿನ ಬೆಣೆ ಇಟ್ಟು, ಕಲ್ಲಿನ ಗುಂಡಿನಿಂದ ಬಡಿದು, ನಾರಿನ ಗುಂಟ ಹಲಗೆ ಸೀಳುತ್ತಿದ್ದರು. ಹಾಗೆ ಸೀಳಿದ ಹಲಗೆಯಲ್ಲಿ ನಾರು ತುಂಡಾಗುವುದಿಲ್ಲ, ಆದ್ದರಿಂದ ನೀರು ಸುಲಭಕ್ಕೆ ಒಳಹೋಗುವುದಿಲ್ಲ. ಗರಗಸ ನಾರನ್ನು ಅಡ್ಡಡ್ಡಲಾಗಿ ಹರಿಯುತ್ತದೆ, ಬೆಣೆ ನಾರಿನ ಮಾತು ಕೇಳಿ ನಡೆಯುತ್ತದೆ. ಯಾವ ಬಡಗಿಯನ್ನಾದರೂ ಕೇಳಿ ನೋಡಿ, ಇದರಲ್ಲಿ ಎಷ್ಟು ತಿಳಿವಳಿಕೆ ಇದೆ ಅಂತ. ದಿಮ್ಮಿಯನ್ನು ತೋಡಿ ದೋಣಿ ಮಾಡುತ್ತಿದ್ದರು. ಯುರೋಕರಲ್ಲಂತೂ ಒಂದೊಂದು ಮನೆಗೂ ಹೆಸರು, ಆ ಮನೆಯ ಹೆಸರಿನಿಂದಲೇ ಸಂಸಾರದ ಗುರುತು. ವಂಶದ ಮನೆ ಎಂದರೆ ಅದಲ್ಲವೇ? ಆದರೆ ಪುಸ್ತಕಗಳಲ್ಲಿ ಕಾರ್ಸನ್ನನ ಮನೆ 'ವಾಸ್ತುಶಿಲ್ಪ'ದ ಅಧ್ಯಾಯದಲ್ಲಿ ಬರುತ್ತೆ, ಇವರ ಮನೆಗಳು 'ಬುಡಕಟ್ಟು ಜನರ ಬದುಕು' ಎಂಬ ಅಧ್ಯಾಯದಲ್ಲಿ ಬರುತ್ತವೆ. ಒಬ್ಬನದು ಕಲೆ, ಇನ್ನೊಬ್ಬನದು ರೂಢಿ. ಈ ಗೆರೆ ಎಳೆದವರಿಗೆ ನಮ್ಮ ಕೇರಿಯ ತಮಟೆ ಗದ್ದಲವಾಗಿ, ಅಗ್ರಹಾರದ ವೀಣೆ ಸಂಗೀತವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಕಾರ್ಸನ್ 1912ರಲ್ಲಿ ಸತ್ತ. ಮನೆ ವಂಶದವರ ಕೈಯಲ್ಲಿ 1950ರವರೆಗೆ ಇತ್ತು. ಆ ವರ್ಷ ಊರಿನ ಗಣ್ಯರ ಇಂಗೊಮಾರ್ ಕ್ಲಬ್ ಅದನ್ನು ಕೊಂಡಿತು. ಇವತ್ತಿಗೂ ಅದು ಸದಸ್ಯರಿಗೆ ಮಾತ್ರ ಇರುವ ಖಾಸಗಿ ಕ್ಲಬ್ಬು. ಕ್ಲಬ್ಬಿನವರು ಮನೆಯನ್ನು ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಅದನ್ನು ಒಪ್ಪಬೇಕು. ಮರದ ಮನೆಗೆ ವರ್ಷ ವರ್ಷವೂ ಬಣ್ಣ, ರಿಪೇರಿ ಬೇಕು, ಇಲ್ಲದಿದ್ದರೆ ಯಾವತ್ತೋ ಮಣ್ಣು ಕಾಣುತ್ತಿತ್ತು. ಆದರೆ ಅಮೆರಿಕದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ವಿಕ್ಟೋರಿಯನ್ ಮನೆಗಳಲ್ಲಿ ಒಂದಾದ ಇದನ್ನು ಸಾಮಾನ್ಯರು ನೋಡಬೇಕಾದ್ದು ಬೇಲಿಯ ಆಚೆ ನಿಂತು. ಆ 97,000 ಅಡಿ ಪ್ರಿಮವೇರಾ ಮರದ ಕೆಲಸ ಅದನ್ನು ಕೆತ್ತಿದ ಕೈಗಳ ಮೊಮ್ಮಕ್ಕಳಿಗೂ ಫೋಟೋದಲ್ಲೇ ದರ್ಶನ. ಹೊರಗೆ ನಿಂತು ಕೈ ಮುಗಿಯುವುದು ನಮಗೆ ಅಭ್ಯಾಸ ಇದೆ, ಅಮೆರಿಕದವರಿಗೂ ಅಭ್ಯಾಸ ಇದೆ ಅಂತ ಈಗ ಗೊತ್ತಾಯ್ತು.

ಕ್ಲಬ್ಬಿನ ಹೆಸರಿಗೂ ಒಂದು ಕತೆ ಇದೆ. ಇಂಗೊಮಾರ್ ಎಂಬುದು ಹತ್ತೊಂಬತ್ತನೇ ಶತಮಾನದ ಜನಪ್ರಿಯ ನಾಟಕವೊಂದರ ನಾಯಕ. ಕಾಡುಜನರ ಮುಖಂಡನಾದ ಅವನು ಗ್ರೀಕ್ ಹೆಣ್ಣೊಬ್ಬಳ ಪ್ರೀತಿಗೆ ಒಲಿದು ನಾಗರಿಕನಾಗುತ್ತಾನೆ. ಕಾರ್ಸನ್ನನಿಗೆ ಈ ನಾಟಕ ಬಲು ಇಷ್ಟವಂತೆ. 1892ರಲ್ಲಿ ಪೇಟೆ ನಡುವೆ ಕಾರ್ಸನ್ ಬ್ಲಾಕ್ ಎಂಬ ದೊಡ್ಡ ಕಟ್ಟಡ ಕಟ್ಟಿಸಿ ಅದರೊಳಗಿನ ರಂಗಮಂದಿರಕ್ಕೆ ಇಂಗೊಮಾರ್ ಎಂದು ಹೆಸರಿಟ್ಟ. ಅನಾಗರಿಕನು ನಾಗರಿಕನಾಗುವ ನಾಟಕ ನೋಡಿ ಚಪ್ಪಾಳೆ ತಟ್ಟಿದ ಜನ ಕೂತಿದ್ದದ್ದು ತುಲುವಾಟಿನಿಂದ ಕೂಗಳತೆಯಲ್ಲಿ. ಅಲ್ಲಿ ಹಳ್ಳಿ ಇದ್ದ ಜಾಗದಲ್ಲಿ ಆಗ ಹಡಗು ರಿಪೇರಿಯ ಕಟ್ಟೆ ಇತ್ತು.

ವಿಮರ್ಶಕರು ಏನು ಮಾಡಬೇಕು ಹಾಗಾದರೆ? ಮನೆಯನ್ನು ಸುಡಬೇಕೇ? ಇಂಥ ಪ್ರಶ್ನೆ ಕೇಳುವ ಮಿತ್ರರಿದ್ದಾರೆ. ನಮ್ಮ ಹಟ್ಟಿಗಳು ಸುಟ್ಟಾಗ ಬಾಯಿ ಬಿಡದವರು ಕೂಡ ಇದನ್ನು ಕೇಳುತ್ತಾರೆ. ಸುಡಬೇಕಿಲ್ಲ. ನೂರು ಬಡಗಿಗಳ ಎರಡು ವರ್ಷದ ಬದುಕು ಆ ಗೋಡೆಗಳಲ್ಲಿದೆ, ಅದನ್ನು ಸುಡಲು ನಾವ್ಯಾರು? ಆ ಕೆಲಸವನ್ನು ಧಣಿಯ ಹೆಸರಿನಿಂದ ಬಿಡಿಸಿ ಓದುವುದನ್ನು ಕಲಿಯಬೇಕು. ಸಂದಿ ಹೇಗೆ ಕೂಡಿಸಿದ್ದಾರೆ, ಯಾವುದು ಯಂತ್ರದ್ದು, ಯಾವುದು ಕೈಯದು, ದಿನಕ್ಕೆ ಎಷ್ಟು ತಾಸು, ಕೂಲಿ ಎಷ್ಟು, ಮರ ಯಾವ ಕಮರಿಯಿಂದ ಬಂತು, ಆ ಕಮರಿಯಲ್ಲಿ ಮೊದಲು ಯಾರಿದ್ದರು ಇವೆಲ್ಲ ವಾಸ್ತುಶಿಲ್ಪದ ಪ್ರಶ್ನೆಗಳೇ. ನಮ್ಮ ಹಳೆಯ ತೊಟ್ಟಿಮನೆಗಳನ್ನು, ವಾಡೆಗಳನ್ನು ಕಣ್ಣೀರು ತುಂಬಿಕೊಂಡು ನೆನೆಯುವ ಲೇಖನಗಳಿಗೂ ಇದೇ ಮಾತು. ತೊಲೆ ಯಾರ ಹೆಗಲ ಮೇಲೆ ಬಂತು ಎಂದು ಒಂದು ಸಾಲು ಬರೆಯಿರಿ, ಆಮೇಲೆ ಅಳಿ.

ಆ ಊರಿನಲ್ಲಿ ಪುಸ್ತಕಗಳಿಗಿಂತ ಮುಂಚೆ ಜನರೇ ಸ್ವಲ್ಪ ಚಲಿಸಿದ್ದಾರೆ. ವಿಯೋಟರು 2000ದಲ್ಲಿ ತುಲುವಾಟಿನ ಒಂದೂವರೆ ಎಕರೆಯನ್ನು ದುಡ್ಡು ಕೂಡಿಸಿ ಕೊಂಡುಕೊಂಡರು. ತಮ್ಮ ನೆಲವನ್ನೇ ತಾವು ಕೊಂಡರು! ಹಡಗುಕಟ್ಟೆ ಬಿಟ್ಟುಹೋದ ವಿಷವನ್ನು ತೆಗೆಸಿದರು. 2004ರಲ್ಲಿ ನಗರಸಭೆ ನಲವತ್ತು ಎಕರೆಯಷ್ಟನ್ನು ಮರಳಿಸಿತು. 2014ರಲ್ಲಿ, ಆ ರಾತ್ರಿ ಅರ್ಧಕ್ಕೆ ನಿಂತ ಕುಣಿತ ಮತ್ತೆ ನಡೆಯಿತು. 2019ರ ಅಕ್ಟೋಬರಿನಲ್ಲಿ ನಗರ ತನ್ನ ಕೈಯಲ್ಲಿ ಉಳಿದಿದ್ದ ಸುಮಾರು ಇನ್ನೂರು ಎಕರೆಯನ್ನೂ ಬಿಟ್ಟುಕೊಟ್ಟಿತು. ಉತ್ತರಕ್ಕೆ ಹೋದರೆ ಸೂಮೆಗ್ ಎಂಬಲ್ಲಿ, 1990ರಲ್ಲಿ ಯುರೋಕ್ ಕೆಲಸಗಾರರೇ ಕಟ್ಟಿದ ಹಲಗೆ ಮನೆಗಳ ಹಳ್ಳಿ ಇದೆ. ಅಲ್ಲಿಗೆ ಕ್ಲಬ್ಬಿನ ಸದಸ್ಯತ್ವ ಬೇಕಿಲ್ಲ. ಪೇಟೆಯ ಕಾರ್ಸನ್ ಬ್ಲಾಕ್ ಕಟ್ಟಡ, ಆ ಇಂಗೊಮಾರ್ ರಂಗಮಂದಿರ ಇದ್ದ ಕಟ್ಟಡ, ಈಗ ಇರುವುದು ಉತ್ತರ ಕ್ಯಾಲಿಫೋರ್ನಿಯಾದ ಇಂಡಿಯನ್ನರ ಅಭಿವೃದ್ಧಿ ಮಂಡಳಿಯ ಕೈಯಲ್ಲಿ. ಈಚಿನ ವರ್ಷಗಳಲ್ಲಿ ಅದನ್ನು ದುರಸ್ತಿ ಮಾಡಿಸಿದವರೂ ಅವರೇ. ಕಾರ್ಸನ್ನನ ಹೆಸರನ್ನು ಅಳಿಸಿಲ್ಲ. ಪ್ರವಾಸಿ ಕೈಪಿಡಿಗಳು ಮುಂದಿನ ಮುದ್ರಣದಲ್ಲಿ ಅವರಿಗೆ ಎಷ್ಟು ಸಾಲು ಕೊಡ್ತಾವೆ ನೋಡೋಣ.